ಓದುಗರ ಪ್ರಶ್ನೆಗೆ ಉತ್ತರ: ಯಾರದೋ ಸಮಸ್ಯೆ, ಯಾರದೋ ಪರಿಹಾರ

ಈ ಬಾರಿ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯವನ್ನು ಸುತ್ತುತ್ತವೆ. ತಂತ್ರಜ್ಞಾನ ಉದ್ಯಮದಲ್ಲಿ ಹೊಸದೊಂದು ಹೆಸರು ಕೇಳಿಬಂದ ಕೂಡಲೇ ಎಲ್ಲರೂ ಅದರ ಹಿಂದೆ ಓಡುವುದೇಕೆ, ಓಡದೆ ನಿಂತವರ ಪಾಡೇನು ಎಂಬುದೇ ಆ ವಿಷಯ. ಅವುಗಳಲ್ಲಿ ಆರು ಪತ್ರಗಳನ್ನು ಆರಿಸಿಕೊಂಡಿದ್ದೇನೆ. ಬರೆದವರು ತಾವು ದುಡಿಯುವ ಕಡೆಯ ಸಂಗತಿಗಳನ್ನು ಹೇಳಿಕೊಂಡಿರುವುದರಿಂದ ಹೆಸರುಗಳನ್ನು ಕೊಟ್ಟಿಲ್ಲ.

ಪ್ರಶ್ನೆ: ನಮ್ಮದು ಒಂಬತ್ತು ಮಂದಿಯ ತಂತ್ರಾಂಶ ತಂಡ. ಎಂಟು ವರ್ಷಗಳಿಂದ ನಡೆಯುತ್ತಿರುವ ನಮ್ಮ ಅಪ್ಲಿಕೇಶನ್ ಒಂದೇ ಪ್ರೋಗ್ರಾಮಾಗಿ, ಒಂದೇ ಡೇಟಾಬೇಸಿನ ಮೇಲೆ ನಿಂತಿದೆ. ಹೊಸದಾಗಿ ಬಂದ ಮುಖ್ಯಸ್ಥರು ಇದನ್ನೆಲ್ಲ ಮೈಕ್ರೋಸರ್ವಿಸ್‌ಗಳಾಗಿ, ಅಂದರೆ ತಮ್ಮಷ್ಟಕ್ಕೆ ತಾವೇ ನಡೆಯುವ ಚಿಕ್ಕ ಚಿಕ್ಕ ಪ್ರೋಗ್ರಾಮುಗಳಾಗಿ, ಒಡೆಯಬೇಕು, ದೊಡ್ಡ ಸಂಸ್ಥೆಗಳೆಲ್ಲ ಹಾಗೆಯೇ ಮಾಡಿವೆ ಎನ್ನುತ್ತಿದ್ದಾರೆ. ಬೇಡವೆಂದರೆ ಹಳೆಯ ಕಾಲದವನು ಎಂಬ ಹೆಸರು ಬರುತ್ತದೆ. ನಾನು ಏನು ಮಾಡಬೇಕು?

ಉತ್ತರ: ಮೊದಲು ಈ ಪದ್ಧತಿ ಹುಟ್ಟಿದ ಕಾರಣವನ್ನು ನೋಡೋಣ. ನೂರಾರು ಎಂಜಿನಿಯರುಗಳು ಹತ್ತಾರು ತಂಡಗಳಾಗಿ ಒಂದೇ ಕೋಡಿನ ಮೇಲೆ ಕೆಲಸ ಮಾಡುವಾಗ, ಒಂದು ತಂಡದ ಅರೆಬರೆ ಬದಲಾವಣೆಯು ಇನ್ನೊಂದು ತಂಡದ ಬಿಡುಗಡೆಯನ್ನು ತಡೆದು ನಿಲ್ಲಿಸುತ್ತದೆ. ಹೀಗೆ ಒಬ್ಬರು ಇನ್ನೊಬ್ಬರಿಗಾಗಿ ಕಾಯುವುದು ತಪ್ಪಲಿ ಎಂದು ಅಮೆಜಾನ್, ನೆಟ್‌ಫ್ಲಿಕ್ಸ್‌ನಂತಹ ಸಂಸ್ಥೆಗಳು ತಮ್ಮ ವ್ಯವಸ್ಥೆಯನ್ನು ಚಿಕ್ಕ ಚಿಕ್ಕ ಸೇವೆಗಳಾಗಿ ಒಡೆದು, ಒಂದೊಂದನ್ನು ಒಂದೊಂದು ತಂಡಕ್ಕೆ ವಹಿಸಿಕೊಟ್ಟವು. ಬಹುಮಟ್ಟಿಗೆ ಇದು ಜನರ ಸಂಖ್ಯೆ ಬೆಳೆದಾಗ ಹುಟ್ಟುವ ತೊಡಕಿಗೆ ಕಂಡುಕೊಂಡ ಪರಿಹಾರ. ಎದುರುಬದುರು ಕುಳಿತು ಮಾತನಾಡಿಕೊಳ್ಳಬಲ್ಲ ಒಂಬತ್ತು ಮಂದಿಯಲ್ಲಿ ಆ ತೊಡಕೇ ಇಲ್ಲ. ತೊಡಕಿಲ್ಲದ ಕಡೆ ಪರಿಹಾರವನ್ನು ತಂದರೆ ಅದರ ಲಾಭ ಸಿಗುವುದಿಲ್ಲ. ಬೆಲೆಯನ್ನು ಮಾತ್ರ ಪೂರ್ತಿಯಾಗಿ ತೆರಬೇಕಾಗುತ್ತದೆ.

ಆ ಬೆಲೆ ಸಣ್ಣದಲ್ಲ. ಒಂದೇ ಪ್ರೋಗ್ರಾಮಿನೊಳಗೆ ಒಂದು ಫಂಕ್ಷನ್ (ಒಂದು ಕೆಲಸ ಮಾಡುವ ಕೋಡಿನ ತುಣುಕು) ಇನ್ನೊಂದನ್ನು ಕರೆಯುವುದು ಕೆಲವು ನ್ಯಾನೋಸೆಕೆಂಡುಗಳ ಕೆಲಸ. ಅದೇ ಕರೆ ನೆಟ್‌ವರ್ಕ್ ದಾಟಿ ಹೋಗಿ ಬರಬೇಕಾದರೆ, ಒಂದೇ ಡೇಟಾ ಸೆಂಟರಿನ ಒಳಗೇ ಆದರೂ, ಸುಮಾರು ಅರ್ಧ ಮಿಲಿಸೆಕೆಂಡು ಬೇಕು. ಹತ್ತಿರ ಹತ್ತಿರ ಲಕ್ಷ ಪಟ್ಟು ನಿಧಾನ. ಜೊತೆಗೆ, ಪ್ರೋಗ್ರಾಮಿನೊಳಗಿನ ಕರೆ ದಾರಿಯಲ್ಲಿ ಕಳೆದುಹೋಗುವುದಿಲ್ಲ, ನೆಟ್‌ವರ್ಕಿನಲ್ಲಿ ಹೋದದ್ದು ಕಳೆದುಹೋಗಬಹುದು. ಇದಕ್ಕಿಂತ ದೊಡ್ಡ ನಷ್ಟವೆಂದರೆ ಟ್ರಾನ್ಸಾಕ್ಷನ್, ಅಂದರೆ ಹಲವು ಬದಲಾವಣೆಗಳನ್ನು ಒಂದೇ ಕೆಲಸವಾಗಿ ಮುಗಿಸುವ ಅನುಕೂಲ, ಕೈತಪ್ಪುವುದು. ಒಂದೇ ಡೇಟಾಬೇಸ್ ಇರುವಾಗ ಬಿಲ್ಲು ಬರೆಯುವುದು ಮತ್ತು ದಾಸ್ತಾನು ಕಳೆಯುವುದು ಎರಡೂ ಆಗುತ್ತವೆ, ಇಲ್ಲವೇ ಎರಡೂ ಆಗುವುದಿಲ್ಲ. ಈ ಖಾತರಿಯನ್ನು ಡೇಟಾಬೇಸ್ ತಾನಾಗಿಯೇ ಕೊಡುತ್ತದೆ. ಎರಡು ಸೇವೆ, ಎರಡು ಡೇಟಾಬೇಸ್ ಆದ ಮೇಲೆ ಅದನ್ನು ನೀವೇ ಕಟ್ಟಿಕೊಳ್ಳಬೇಕು.

ಇದನ್ನು ನಾನು ಅನುಭವಿಸಿ ಹೇಳುತ್ತಿದ್ದೇನೆ. ಹಿಂದೆ ನಾನು ದುಡಿಯುತ್ತಿದ್ದ ಸಂಸ್ಥೆಯೊಂದರಲ್ಲಿ ದಾಸ್ತಾನು ಲೆಕ್ಕದ ತಂತ್ರಾಂಶವನ್ನು ಹೀಗೆಯೇ ಹನ್ನೊಂದು ಸೇವೆಗಳಾಗಿ ಒಡೆದೆವು. ಒಡೆಯಬೇಕೆಂದು ವಾದಿಸಿದವರಲ್ಲಿ ನಾನೂ ಇದ್ದೆ. ಒಂದು ರಾತ್ರಿ ಗೋದಾಮಿನಿಂದ ಕರೆ ಬಂತು. ಒಂದೇ ವಸ್ತುವಿನ ಉಳಿಕೆ ಒಂದು ಪರದೆಯಲ್ಲಿ 14 ಎಂದೂ ಇನ್ನೊಂದರಲ್ಲಿ 8 ಎಂದೂ ಕಾಣುತ್ತಿದೆ, ಕಪಾಟಿನಲ್ಲಿ ಎಣಿಸಿದರೆ 11 ಇವೆ ಎಂದು ಅಲ್ಲಿಯ ಮೇಲ್ವಿಚಾರಕಿ ಹೇಳಿದರು. ಆ ಒಂದು ವಸ್ತುವಿನ ಜಾಡು ಹಿಡಿಯಲು ಏಳು ಸೇವೆಗಳ ಲಾಗ್‌ಗಳನ್ನು (ನಡೆದದ್ದನ್ನು ಹೊತ್ತಿನೊಡನೆ ಬರೆದಿಡುವ ದಾಖಲೆಗಳನ್ನು) ತೆರೆದಿಟ್ಟುಕೊಂಡು, ಸೆಕೆಂಡು ಸೆಕೆಂಡಿನ ಲೆಕ್ಕದಲ್ಲಿ ಹೊಂದಿಸುತ್ತಾ ಕುಳಿತೆ. ಎರಡು ಗಂಟೆ ಕಳೆದ ಮೇಲೆ, ಎರಡು ಸರ್ವರುಗಳ ಗಡಿಯಾರಗಳ ನಡುವೆ ಮೂರು ಸೆಕೆಂಡಿನ ಅಂತರವಿದೆ ಎಂಬುದು ಕಣ್ಣಿಗೆ ಬಿತ್ತು. ಅಲ್ಲಿಯವರೆಗೆ ಹೊಂದಿಸಿದ್ದನ್ನೆಲ್ಲ ಅಳಿಸಿ ಮೊದಲಿನಿಂದ ತೊಡಗಬೇಕಾಯಿತು. ಕೊನೆಗೆ ಸಿಕ್ಕಿದ ಕಾರಣ ಇಷ್ಟು: ಹೊರಗೆ ಹೋಗಿದ್ದ ವಸ್ತುಗಳು ಮೂರು, ಒಂದು ಸೇವೆಗೆ ಆ ಸುದ್ದಿಯೇ ತಲುಪಿರಲಿಲ್ಲ, ಇನ್ನೊಂದು ಸೇವೆ ಅದೇ ಸುದ್ದಿಯನ್ನು ಎರಡು ಬಾರಿ ಪಡೆದು ಆರನ್ನು ಕಳೆದಿತ್ತು. ಹಳೆಯ ವ್ಯವಸ್ಥೆಯಲ್ಲಿ ಹುಟ್ಟಲು ಸಾಧ್ಯವೇ ಇರದಿದ್ದ ದೋಷವಿದು. ಆ ಮೇಲ್ವಿಚಾರಕಿ ಮರುದಿನದಿಂದ ಉಳಿಕೆಯನ್ನು ಒಂದು ಪುಸ್ತಕದಲ್ಲಿ ಕೈಯಲ್ಲಿ ಬರೆದಿಡತೊಡಗಿದರು. ನಮ್ಮ ಕೆಲಸವನ್ನು ನಂಬಿದ್ದ ಒಬ್ಬರ ನಂಬಿಕೆಯನ್ನು ನಾವು ಕಳೆದುಕೊಂಡೆವು ಎಂಬ ನೋವು ನನಗೆ ಇಂದಿಗೂ ಇದೆ.

ಒಡೆದದ್ದನ್ನು ಮತ್ತೆ ಕೂಡಿಸಿದವರೂ ಇದ್ದಾರೆ. ಗ್ರಾಹಕರ ದತ್ತಾಂಶವನ್ನು ಸಾಗಿಸುವ ಸೆಗ್ಮೆಂಟ್ ಎಂಬ ಸಂಸ್ಥೆ 140ಕ್ಕೂ ಹೆಚ್ಚು ಸೇವೆಗಳನ್ನು ಒಂದುಗೂಡಿಸಿದ ಬಗೆಯನ್ನು 2018ರಲ್ಲಿ ಬಹಿರಂಗವಾಗಿ ಬರೆಯಿತು. ಅಮೆಜಾನ್ ಪ್ರೈಮ್ ವಿಡಿಯೋದ ಒಂದು ತಂಡವು ದೃಶ್ಯದ ಗುಣಮಟ್ಟವನ್ನು ಪರೀಕ್ಷಿಸುವ ತನ್ನ ವ್ಯವಸ್ಥೆಯ ಬಿಡಿ ಭಾಗಗಳನ್ನು ಒಂದೇ ಪ್ರೋಗ್ರಾಮಿಗೆ ತಂದು, ಖರ್ಚನ್ನು ಶೇಕಡಾ 90ಕ್ಕಿಂತ ಹೆಚ್ಚು ಇಳಿಸಿದ್ದಾಗಿ 2023ರಲ್ಲಿ ತಿಳಿಸಿತು. ಪ್ರೈಮ್ ವಿಡಿಯೋ ಇಡಿಯಾಗಿ ಹಿಂದಕ್ಕೆ ಹೋಯಿತು ಎಂದು ಇದರ ಅರ್ಥವಲ್ಲ. ಅದು ಒಂದು ತಂಡ ತನ್ನ ಒಂದು ಕೆಲಸಕ್ಕೆ ಮಾಡಿಕೊಂಡ ನಿರ್ಧಾರ. ಆದರೆ ದೊಡ್ಡವರು ಸಹ ಪ್ರತಿಯೊಂದು ಕೆಲಸವನ್ನೂ ಬೇರೆಯಾಗಿ ತೂಗಿ ನೋಡುತ್ತಾರೆ ಎಂಬುದನ್ನು ನಿಮ್ಮ ಮುಖ್ಯಸ್ಥರಿಗೆ ತೋರಿಸಲು ಅಷ್ಟು ಸಾಕು. ಹುಲಿಯನ್ನು ನೋಡಿ ನರಿ ಮೈ ಸುಟ್ಟುಕೊಂಡಿತು ಎಂಬ ಗಾದೆಯಲ್ಲಿ ಹುಲಿಯ ತಪ್ಪೇನೂ ಇಲ್ಲ.

ಸಭೆಯಲ್ಲಿ ಬೇಡ ಎಂಬ ಮಾತಿನಿಂದ ಆರಂಭಿಸಬೇಡಿ. ಕಳೆದ ಆರು ತಿಂಗಳ ಬಿಡುಗಡೆಗಳ ಪಟ್ಟಿಯನ್ನು ತೆಗೆದುಕೊಂಡು, ತಡವಾದ ಪ್ರತಿಯೊಂದರ ಎದುರಿಗೆ ತಡವಾದ ಕಾರಣವನ್ನು ಬರೆದುಕೊಂಡು ಹೋಗಿ. ಒಬ್ಬರ ಕೆಲಸಕ್ಕಾಗಿ ಇನ್ನೊಬ್ಬರು ಕಾದದ್ದೇ ಹೆಚ್ಚಿನ ಕಡೆ ಕಾರಣವಾಗಿದ್ದರೆ ಮುಖ್ಯಸ್ಥರ ಮಾತಿನಲ್ಲಿ ಹುರುಳಿದೆ; ಆಗಲೂ ಒಂದೇ ಒಂದು ಭಾಗವನ್ನು ಬೇರ್ಪಡಿಸಿ ನೋಡಬಹುದು. ಪರೀಕ್ಷೆಗಳು ಸಾಲದೆ, ಇಲ್ಲವೇ ಗ್ರಾಹಕರು ಮನಸ್ಸು ಬದಲಿಸಿ ತಡವಾಗಿದ್ದರೆ, ಪ್ರೋಗ್ರಾಮನ್ನು ಎಷ್ಟು ಚೂರಾಗಿ ಒಡೆದರೂ ಅದು ಸರಿಹೋಗುವುದಿಲ್ಲ ಎಂಬುದು ಆ ಹಾಳೆಯಿಂದಲೇ ಗೊತ್ತಾಗುತ್ತದೆ.

ಪ್ರಶ್ನೆ: ಜನ ಮರುಳೋ ಜಾತ್ರೆ ಮರುಳೋ ಎಂಬಂತಾಗಿದೆ. ಇಷ್ಟೊಂದು ಬುದ್ಧಿವಂತರಿರುವ ಉದ್ಯಮ ಹೀಗೆ ಕುರಿಮಂದೆಯಂತೆ ನಡೆದುಕೊಳ್ಳುವುದಕ್ಕೆ ಕಾರಣವೇನು?

ಉತ್ತರ: ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಜನ ಮರುಳಾಗಿಲ್ಲ ಎಂದೇ ನನ್ನ ಅಭಿಪ್ರಾಯ. ಒಬ್ಬೊಬ್ಬರ ನಿರ್ಧಾರವನ್ನು ಬಿಡಿಯಾಗಿ ನೋಡಿದರೆ ಅದು ಸರಿಯಾಗಿಯೇ ಕಾಣುತ್ತದೆ; ಎಲ್ಲರದೂ ಸೇರಿದಾಗ ಮಾತ್ರ ತಪ್ಪಾಗುತ್ತದೆ. ಬಿಖ್‌ಚಂದಾನಿ, ಹರ್ಷ್‌ಲೈಫರ್, ವೆಲ್ಚ್ ಎಂಬ ಮೂವರು ಅರ್ಥಶಾಸ್ತ್ರಜ್ಞರು 1992ರಲ್ಲಿ ಇದನ್ನು ಚೆನ್ನಾಗಿ ವಿವರಿಸಿದರು. ಮೊದಲ ಒಂದಿಬ್ಬರು ತಮಗೆ ತಿಳಿದಷ್ಟರಿಂದ ಆಯ್ಕೆ ಮಾಡುತ್ತಾರೆ. ಮುಂದಿನವನು ತನಗೆ ತಿಳಿದದ್ದರ ಜೊತೆಗೆ ಅವರ ಆಯ್ಕೆಯನ್ನೂ ನೋಡುತ್ತಾನೆ, ಅವರಿಗೆ ಹೆಚ್ಚು ತಿಳಿದಿರಬಹುದು ಎಂದು ತನ್ನ ಅನುಮಾನವನ್ನು ಬದಿಗಿಡುತ್ತಾನೆ. ಅವನ ನಂತರದ ನೂರು ಮಂದಿ ಸೇರಿಕೊಂಡಾಗ, ಹೊರಗಿನಿಂದ ನೋಡುವವರಿಗೆ ನೂರು ಜನ ಪರೀಕ್ಷಿಸಿ ಒಪ್ಪಿದಂತೆ ಕಾಣುತ್ತದೆ. ನಿಜವಾಗಿ ಪರೀಕ್ಷಿಸಿದವರು ಇಬ್ಬರೇ.

ಇದಕ್ಕೆ ಕೆಲಸದ ಭಯವೂ ಸೇರುತ್ತದೆ. ಎಲ್ಲರಂತೆ ನಡೆದು ಸೋತವನ ಹೆಸರು ಕೆಡುವುದಿಲ್ಲ, ಎಲ್ಲರಿಗಿಂತ ಬೇರೆಯಾಗಿ ನಡೆದವನು ಗೆದ್ದರೂ ಅನುಮಾನಕ್ಕೆ ಗುರಿಯಾಗುತ್ತಾನೆ ಎಂಬ ಅರ್ಥದ ಮಾತನ್ನು ಅರ್ಥಶಾಸ್ತ್ರಜ್ಞ ಕೇನ್ಸ್ 1936ರಲ್ಲಿಯೇ ಬರೆದಿದ್ದರು. ಅವರು ಹೇಳಿದ್ದು ಹಣ ಹೂಡುವವರ ಬಗ್ಗೆ. ನಮ್ಮ ಉದ್ಯಮದ ವ್ಯವಸ್ಥಾಪಕರಿಗೂ ಅದು ಅಷ್ಟೇ ಒಪ್ಪುತ್ತದೆ. ಹಣ ಹಾಕುವವರು ಹೆಸರಿಗೇ ಬೆಲೆ ಕಟ್ಟುವ ಕಾಲದಲ್ಲಂತೂ ವಿವೇಕಿಗಳಿಗೂ ತಡೆದುಕೊಳ್ಳುವುದು ಕಷ್ಟ. 1998 ಮತ್ತು 1999ರಲ್ಲಿ ತಮ್ಮ ಹೆಸರಿಗೆ ಡಾಟ್‌ಕಾಮ್ ಸೇರಿಸಿಕೊಂಡ 95 ಕಂಪನಿಗಳನ್ನು ಅಧ್ಯಯನ ಮಾಡಿದ ವಿದ್ವಾಂಸರು, ಘೋಷಣೆಯ ಆಸುಪಾಸಿನ ಹತ್ತು ದಿನಗಳಲ್ಲಿ ಆ ಷೇರುಗಳು ಮಾರುಕಟ್ಟೆಯ ಸಹಜ ಏರಿಕೆಗಿಂತ ಸುಮಾರು ಶೇಕಡಾ 74ರಷ್ಟು ಹೆಚ್ಚು ಗಳಿಸಿದ್ದನ್ನು ಕಂಡರು. ಅಂತರ್ಜಾಲದ ವ್ಯವಹಾರ ಹೆಚ್ಚಿದ್ದವರಿಗೂ ಕಡಿಮೆ ಇದ್ದವರಿಗೂ ಈ ಏರಿಕೆ ಸಿಕ್ಕಿತ್ತು. 2017ರ ಡಿಸೆಂಬರಿನಲ್ಲಿ ಅಮೆರಿಕದ ಲಾಂಗ್ ಐಲೆಂಡ್ ಐಸ್ಡ್ ಟೀ ಎಂಬ ಪಾನೀಯದ ಕಂಪನಿ ತನ್ನನ್ನು ಲಾಂಗ್ ಬ್ಲಾಕ್‌ಚೈನ್ ಎಂದು ಕರೆದುಕೊಂಡಾಗ ಅದರ ಷೇರು ಒಂದೇ ದಿನದಲ್ಲಿ ಎರಡು ಪಟ್ಟಿಗೂ ಮೇಲೆ ಏರಿತು. ಮರುವರ್ಷ ಅಮೆರಿಕದ ಷೇರು ವಿನಿಮಯ ಕೇಂದ್ರ ನಾಸ್ಡಾಕ್ ಅದನ್ನು ಪಟ್ಟಿಯಿಂದ ತೆಗೆದುಹಾಕಿತು.

ಅದೇ ಡಿಸೆಂಬರಿನಲ್ಲಿ ಆಸ್ಟ್ರೇಲಿಯಾದ ಷೇರು ವಿನಿಮಯ ಕೇಂದ್ರವು, ಷೇರುಗಳ ವರ್ಗಾವಣೆಯನ್ನು ಪೂರೈಸುವ ಚೆಸ್ ಎಂಬ ತನ್ನ ಹಳೆಯ ವ್ಯವಸ್ಥೆಯ ಬದಲಿಗೆ ಬ್ಲಾಕ್‌ಚೈನ್ ಮಾದರಿಯ ಹಂಚಿದ ಲೆಡ್ಜರನ್ನು (ಹಲವರ ಬಳಿ ಒಂದೇ ಪ್ರತಿಯಿರುವ ಲೆಕ್ಕದ ಪುಸ್ತಕವನ್ನು) ತರುವುದಾಗಿ ಘೋಷಿಸಿತು. ಐದು ವರ್ಷಗಳ ನಂತರ, 2022ರ ನವೆಂಬರಿನಲ್ಲಿ, ಆ ಕೆಲಸವನ್ನು ನಿಲ್ಲಿಸಿ, 24.5ರಿಂದ 25.5 ಕೋಟಿ ಆಸ್ಟ್ರೇಲಿಯನ್ ಡಾಲರುಗಳನ್ನು ನಷ್ಟವೆಂದು ಬರೆದುಹಾಕುವುದಾಗಿ ಪ್ರಕಟಿಸಿತು. 1994ರಲ್ಲಿ ಬಂದ ಚೆಸ್ ಹಾಗೆಯೇ ಕೆಲಸ ಮುಂದುವರಿಸಿತು. ಒಬ್ಬರನ್ನೊಬ್ಬರು ನಂಬದವರು, ನಡುವೆ ಯಾರೂ ಇಲ್ಲದೆ, ಒಂದು ಲೆಕ್ಕವನ್ನು ಒಟ್ಟಾಗಿ ಇಟ್ಟುಕೊಳ್ಳಲು ಬ್ಲಾಕ್‌ಚೈನ್ ಹುಟ್ಟಿತು. ಷೇರು ವಿನಿಮಯ ಕೇಂದ್ರವಾದರೋ ಎಲ್ಲರೂ ನಂಬಲೇಬೇಕಾದ ನಡುವಿನವನ ಸ್ಥಾನದಲ್ಲಿಯೇ ಕುಳಿತಿದೆ. ಆಯ್ಕೆ ಮಾಡುವವರು ಮತ್ತು ಅದರ ಭಾರ ಹೊರುವವರು ಬೇರೆ ಬೇರೆಯಾಗಿರುವುದೇ ಇಂತಹ ನಿರ್ಧಾರಗಳ ಬೇರು ಎಂದು ನಾನು ನಂಬುತ್ತೇನೆ. ಘೋಷಣೆಯ ದಿನ ವೇದಿಕೆಯ ಮೇಲಿರುವವರು ಒಬ್ಬರು. ಐದನೆಯ ವರ್ಷ ರಾತ್ರಿ ಎದ್ದು ದುರಸ್ತಿಗೆ ಕೂರುವವರು ಇನ್ನೊಬ್ಬರು.

ಪ್ರಶ್ನೆ: ತಂತ್ರಜ್ಞಾನದ ಬಗ್ಗೆ ಸಲಹೆ ನೀಡುವ ಗಾರ್ಟ್‌ನರ್ ಸಂಸ್ಥೆಯ ಹೈಪ್ ಸೈಕಲ್ ರೇಖೆಯನ್ನು ನೋಡಿ, ಯಾವ ತಂತ್ರಜ್ಞಾನಕ್ಕೆ ಯಾವಾಗ ಕೈಹಾಕಬೇಕೆಂದು ನಿರ್ಧರಿಸಬಹುದೇ?

ಉತ್ತರ: ಅದನ್ನೇ ನಂಬಿ ನಿರ್ಧರಿಸಬೇಡಿ. 1995ರಿಂದ ಬಳಕೆಯಲ್ಲಿರುವ ಆ ರೇಖೆ, ಉತ್ಸಾಹ ಉಕ್ಕಿ ಏರುವುದು, ನಿರಾಶೆಯಲ್ಲಿ ಇಳಿಯುವುದು, ನಿಧಾನವಾಗಿ ಚೇತರಿಸಿಕೊಳ್ಳುವುದು ಎಂಬ ಹಂತಗಳನ್ನು ತೋರಿಸುತ್ತದೆ. ಉತ್ಸಾಹದ ವರ್ಣನೆಯಾಗಿ ಅದು ಒಪ್ಪುವಂತಹುದು. ಆದರೆ ಬಿದ್ದ ಎಲ್ಲವೂ ಏಳುತ್ತವೆ ಎಂಬ ಭರವಸೆಯನ್ನು ಅದು ಹೇಳದೆಯೇ ಹುಟ್ಟಿಸುತ್ತದೆ. ಮನೆಯಲ್ಲಿ ಕನ್ನಡಕ ಹಾಕಿಕೊಂಡು ನೋಡಬೇಕಾಗಿದ್ದ ತ್ರೀಡಿ ಟಿವಿಗಳು 2010ರ ಸುಮಾರಿಗೆ ಎಲ್ಲ ತಯಾರಕರ ಮುಂಚೂಣಿಯಲ್ಲಿದ್ದವು; 2017ರಲ್ಲಿ ಎಲ್‌ಜಿ ಮತ್ತು ಸೋನಿ ಸಹ ಕೈಬಿಟ್ಟವು, ಅವು ಮತ್ತೆ ಏಳಲಿಲ್ಲ. ಇಳಿಯುತ್ತಿರುವ ವಸ್ತು ಚೇತರಿಸಿಕೊಳ್ಳುವುದೋ ಅಳಿಯುವುದೋ ಎಂಬುದು ಇಳಿಯುತ್ತಿರುವಾಗ ಆ ರೇಖೆಯಿಂದ ತಿಳಿಯುವುದಿಲ್ಲ.

ಪ್ರಶ್ನೆ: ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಯಿತು. ಪ್ರತಿ ವರ್ಷ ಒಂದು ಹೊಸ ಫ್ರೇಮ್‌ವರ್ಕ್ (ತಂತ್ರಾಂಶ ಕಟ್ಟಲು ಬಳಸುವ ಸಿದ್ಧ ಚೌಕಟ್ಟು) ಕಲಿಯುತ್ತಿದ್ದೇನೆ, ಕಲಿತು ಮುಗಿಯುವಷ್ಟರಲ್ಲಿ ಅದು ಹಳೆಯದಾಗುತ್ತದೆ. ನಿಜವಾಗಿ ದಣಿದಿದ್ದೇನೆ. ಕಲಿಯದಿದ್ದರೆ ಕೆಲಸ ಸಿಗುವುದಿಲ್ಲ ಎಂಬ ಹೆದರಿಕೆ.

ಉತ್ತರ: ದಣಿವು ನಿಮ್ಮ ದೌರ್ಬಲ್ಯವಲ್ಲ. ಒಂದು ಉದಾಹರಣೆ ನೋಡಿ. ಗೂಗಲ್‌ನ ಆ್ಯಂಗುಲರ್‌ಜೆಎಸ್ ಎಂಬ ಫ್ರೇಮ್‌ವರ್ಕ್ 2010ರಲ್ಲಿ ಬಂತು. 2016ರಲ್ಲಿ ಬಂದ ಅದರ ಎರಡನೆಯ ಆವೃತ್ತಿಯನ್ನು ಮೊದಲಿನಿಂದ ಹೊಸದಾಗಿಯೇ ಬರೆಯಲಾಗಿತ್ತು, ಹಳೆಯ ಕೋಡ್ ಅದರಲ್ಲಿ ಹಾಗೆಯೇ ಓಡುತ್ತಿರಲಿಲ್ಲ. 2021ರ ಕೊನೆಗೆ ಹಳೆಯದಕ್ಕೆ ಬೆಂಬಲವೂ ನಿಂತಿತು. ಅದನ್ನೇ ನೆಚ್ಚಿಕೊಂಡಿದ್ದವರು ತಮ್ಮ ತಪ್ಪಿಲ್ಲದೆಯೇ ಎರಡು ಬಾರಿ ಕಲಿಯಬೇಕಾಯಿತು. ಈಗ ಇನ್ನೊಂದು ಕಡೆಯನ್ನು ನೋಡಿ. ಗಣಕ ವಿಜ್ಞಾನಿ ಎಡ್ಗರ್ ಕಾಡ್ ಅವರು ರಿಲೇಶನಲ್ ಡೇಟಾಬೇಸಿನ, ಅಂದರೆ ಮಾಹಿತಿಯನ್ನು ಕೋಷ್ಟಕಗಳಲ್ಲಿ ಇಡುವ ಡೇಟಾಬೇಸಿನ, ಕಲ್ಪನೆಯನ್ನು ಪ್ರಕಟಿಸಿದ್ದು 1970ರಲ್ಲಿ. ಅದರ ಮೇಲೆ ಬೆಳೆದ, ಡೇಟಾಬೇಸನ್ನು ಪ್ರಶ್ನಿಸಲು ಬಳಸುವ ಎಸ್‌ಕ್ಯೂಎಲ್ ಭಾಷೆಯನ್ನು 2009ರ ನಂತರ ನೋ-ಎಸ್‌ಕ್ಯೂಎಲ್ ಎಂಬ ಕೂಗು ಎದ್ದಾಗ ಅನೇಕರು ಮುಗಿದ ಕಥೆ ಎಂದರು. ಪೋಸ್ಟ್‌ಗ್ರೆಸ್‌ನಂತಹ ಹಳೆಯ ಡೇಟಾಬೇಸುಗಳು 2012ರ ಹೊತ್ತಿಗೆ ಜೇಸನ್ ಎಂಬ, ಕೋಷ್ಟಕಕ್ಕೆ ಕಟ್ಟುಬೀಳದ ರೂಪದ ದತ್ತಾಂಶವನ್ನು ಸಹ ಇಟ್ಟುಕೊಳ್ಳುವುದನ್ನು ಕಲಿತವು, ಎಸ್‌ಕ್ಯೂಎಲ್ ಇಂದಿಗೂ ಎಲ್ಲೆಡೆ ದುಡಿಯುತ್ತಿದೆ. ಅಂತರ್ಜಾಲದ ಮೂಲವಾದ ಅರ್ಪಾನೆಟ್, ಕಂಪ್ಯೂಟರುಗಳು ಪರಸ್ಪರ ಮಾತನಾಡುವ ನಿಯಮಗಳಾದ ಟಿಸಿಪಿ/ಐಪಿಗೆ ಬದಲಾದದ್ದು 1983ರ ಜನವರಿ 1ರಂದು. ಅದನ್ನು ಆಗ ಅರಿತುಕೊಂಡವರ ಅರಿವು ಇಂದಿಗೂ ಸವೆದಿಲ್ಲ.

ಹಾಗೆಂದು ಕೆಲಸದ ಜಾಹೀರಾತುಗಳನ್ನು ಕಡೆಗಣಿಸಿ ಎಂದು ನಾನು ಹೇಳಲಾರೆ, ಹೊಟ್ಟೆಪಾಡು ನಡೆಯಬೇಕು. ನಿಮ್ಮ ಕ್ಷೇತ್ರದಲ್ಲಿ ಹೆಚ್ಚು ಕೆಲಸ ಕೊಡುವ ಒಂದು ಉಪಕರಣವನ್ನು ಚೆನ್ನಾಗಿ ಕಲಿತು ಅಲ್ಲಿಗೆ ನಿಲ್ಲಿ. ಉಳಿದ ಹೊತ್ತನ್ನು ಡೇಟಾಬೇಸಿನ ಒಳಗಿನ ಕೆಲಸ, ನೆಟ್‌ವರ್ಕ್, ಆಪರೇಟಿಂಗ್ ಸಿಸ್ಟಮ್, ಇತರರು ಬರೆದ ಕೋಡನ್ನು ಓದುವುದು, ಇವುಗಳಿಗೆ ಕೊಡಿ. ಇವು ಗಟ್ಟಿಯಾದವರಿಗೆ ಹೊಸ ಫ್ರೇಮ್‌ವರ್ಕ್ ಕಲಿಯಲು ಕೆಲವು ವಾರ ಸಾಕು, ಏಕೆಂದರೆ ಅದರಲ್ಲಿ ನಿಜವಾಗಿ ಹೊಸದಾದದ್ದು ಎಷ್ಟು ಎಂಬುದು ಅವರಿಗೆ ಬೇಗ ಕಾಣುತ್ತದೆ. ಹಳೆಯ ಉಪಕರಣದಿಂದ ದೊಡ್ಡ ಕೆಲಸ ಆಗುವುದಿಲ್ಲ ಎಂಬ ಅಂಜಿಕೆಯೂ ಬೇಡ. 2014ರಲ್ಲಿ ಫೇಸ್‌ಬುಕ್ ಕೊಂಡುಕೊಂಡಾಗ ವಾಟ್ಸಾಪ್‌ಗೆ ಸುಮಾರು 45 ಕೋಟಿ ಬಳಕೆದಾರರಿದ್ದರು, ಎಂಜಿನಿಯರುಗಳು ಮೂವತ್ತರ ಆಸುಪಾಸು. ಅದರ ಸರ್ವರುಗಳು ನಡೆಯುತ್ತಿದ್ದುದು ಎರ್ಲಾಂಗ್ ಭಾಷೆಯಲ್ಲಿ. ದೂರವಾಣಿ ವಿನಿಮಯ ಯಂತ್ರಗಳಿಗಾಗಿ ಎರಿಕ್ಸನ್ ಸಂಸ್ಥೆಯಲ್ಲಿ 1986ರ ಸುಮಾರಿಗೆ ಹುಟ್ಟಿದ ಆ ಭಾಷೆಯ ಸುತ್ತ ಆಗ ಯಾವ ಗದ್ದಲವೂ ಇರಲಿಲ್ಲ. ಲಕ್ಷಾಂತರ ಸಂಪರ್ಕಗಳನ್ನು ಒಟ್ಟಿಗೆ ಹಿಡಿದಿಟ್ಟುಕೊಳ್ಳುವುದು ಅವರ ಸಮಸ್ಯೆಯಾಗಿತ್ತು, ಆ ಭಾಷೆ ಹುಟ್ಟಿದ್ದೇ ಅಂತಹ ಕೆಲಸಕ್ಕೆ.

ಪ್ರಶ್ನೆ: ನಿಮ್ಮ ಅಂಕಣದಲ್ಲಿ ಹೊಸದರ ಬಗ್ಗೆ ಪೂರ್ವಗ್ರಹ ಕಾಣುತ್ತದೆ. ಇದೇ ಮಾತನ್ನು ಹಿಂದೆ ಅಂತರ್ಜಾಲದ ಬಗ್ಗೆಯೂ ಹೇಳಿದ್ದರಲ್ಲವೇ?

ಉತ್ತರ: ಹೇಳಿದ್ದರು, ಅದೂ ತಿಳಿದವರೇ. ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಈಥರ್ನೆಟ್ ತಂತ್ರಜ್ಞಾನದ ಜನಕರಲ್ಲಿ ಒಬ್ಬರಾದ ರಾಬರ್ಟ್ ಮೆಟ್‌ಕಾಫ್, 1996ರಲ್ಲಿ ಅಂತರ್ಜಾಲ ಕುಸಿದುಬೀಳುತ್ತದೆ ಎಂದು 1995ರಲ್ಲಿ ಬರೆದು, ತಪ್ಪಾದರೆ ಬರೆದದ್ದನ್ನು ನುಂಗುವುದಾಗಿ ಮಾತು ಕೊಟ್ಟಿದ್ದರು. 1997ರಲ್ಲಿ ಒಂದು ಸಮ್ಮೇಳನದ ವೇದಿಕೆಯ ಮೇಲೆ ಆ ಬರಹದ ಹಾಳೆಯನ್ನು ನೀರಿನೊಡನೆ ಮಿಕ್ಸಿಯಲ್ಲಿ ಅರೆದು ಕುಡಿದು ಮಾತು ಉಳಿಸಿಕೊಂಡರು. ತಾನು ತಪ್ಪಿದ್ದನ್ನು ಎಲ್ಲರೆದುರು ಒಪ್ಪಿಕೊಂಡ ಆ ಪ್ರಾಮಾಣಿಕತೆಯನ್ನು ನಾನು ಗೌರವಿಸುತ್ತೇನೆ, ನನ್ನ ಮಾತುಗಳಿಗೂ ಅದೇ ಅಳತೆಗೋಲನ್ನು ಒಪ್ಪುತ್ತೇನೆ.

ಆದರೆ ತಂತ್ರಜ್ಞಾನ ನಿಜವಾಗಿರುವುದು ಬೇರೆ, ಅದಕ್ಕೆ ಅಂದು ಕಟ್ಟಿದ ಬೆಲೆ ಸರಿಯಾಗಿರುವುದು ಬೇರೆ. ನಾಸ್ಡಾಕ್ ಸೂಚ್ಯಂಕ 2000ದ ಮಾರ್ಚ್ 10ರಂದು 5,048ಕ್ಕೆ ಏರಿ, 2002ರ ಅಕ್ಟೋಬರಿಗೆ ಸುಮಾರು ಶೇಕಡಾ 78ರಷ್ಟು ಕುಸಿಯಿತು. ಹಳೆಯ ಎತ್ತರವನ್ನು ಮತ್ತೆ ಮುಟ್ಟಿದ್ದು 2015ರಲ್ಲಿ. ಆ ಹದಿನೈದು ವರ್ಷಗಳಲ್ಲಿ ಅಂತರ್ಜಾಲ ಒಂದು ದಿನವೂ ಹಿಂದೆ ಸರಿಯಲಿಲ್ಲ. ಅಂತರ್ಜಾಲವನ್ನು ನಂಬಿದವರು ತಪ್ಪಿರಲಿಲ್ಲ. ಅದನ್ನು ನಂಬಿದ ಕಾರಣಕ್ಕೆ ಯಾವ ಕಂಪನಿಗೆ ಯಾವ ಬೆಲೆಯನ್ನಾದರೂ ತೆರಬಹುದು ಎಂದುಕೊಂಡವರು ತಪ್ಪಿದರು. ಹೊಸದನ್ನು ಪ್ರಯತ್ನಿಸಿ ನೋಡುವುದನ್ನು ನಾನು ಎಂದೂ ವಿರೋಧಿಸಿಲ್ಲ, ವಿರೋಧಿಸುವುದೂ ಇಲ್ಲ. ಹಿಂದಿರುಗುವ ದಾರಿಯನ್ನು ಮುಚ್ಚಿಕೊಂಡು ಹೋಗುವುದನ್ನು ಮಾತ್ರ ವಿರೋಧಿಸುತ್ತೇನೆ.

ಪ್ರಶ್ನೆ: ಮುಂದಿನ ಮೂರು ತಿಂಗಳೊಳಗೆ ನಮ್ಮ ಉತ್ಪನ್ನದಲ್ಲಿ ಕೃತಕ ಬುದ್ಧಿಮತ್ತೆ ಇರಲೇಬೇಕು ಎಂದು ಆಡಳಿತ ಮಂಡಳಿ ಹೇಳಿದೆ. ಯಾವ ಕೆಲಸಕ್ಕೆ ಎಂದು ಕೇಳಿದರೆ, ಅದನ್ನು ನೀವೇ ಹುಡುಕಿ ಎಂಬ ಉತ್ತರ ಬಂತು.

ಉತ್ತರ: ಈ ಬಗೆಯ ಪತ್ರಗಳು ಈಗ ಹೆಚ್ಚಾಗಿ ಬರುತ್ತಿವೆ. ಚಾಟ್‌ಜಿಪಿಟಿ 2022ರ ನವೆಂಬರ್ 30ರಂದು ಸಾರ್ವಜನಿಕರ ಕೈಗೆ ಬಂದಾಗಿನಿಂದ ಭಾಷೆಯನ್ನು ಬಳಸುವ ಅನೇಕ ಕೆಲಸಗಳು ನಿಜವಾಗಿಯೂ ಬದಲಾಗಿವೆ. ಇದನ್ನು ಬರಿಯ ಗದ್ದಲವೆಂದು ತಳ್ಳಿಹಾಕುವುದು ತಪ್ಪು. ಅಷ್ಟೇ ತಪ್ಪು, ಇಲ್ಲದ್ದನ್ನು ಇದೆಯೆಂದು ಹೇಳಿಕೊಳ್ಳುವುದು. ಕೃತಕ ಬುದ್ಧಿಮತ್ತೆಯ ಬಳಕೆಯ ಬಗ್ಗೆ ಸುಳ್ಳು ಹೇಳಿಕೆ ನೀಡಿದ ಎರಡು ಹೂಡಿಕೆ ಸಲಹಾ ಸಂಸ್ಥೆಗಳ ಮೇಲೆ ಅಮೆರಿಕದ ಷೇರು ಮಾರುಕಟ್ಟೆ ನಿಯಂತ್ರಕರು 2024ರ ಮಾರ್ಚಿನಲ್ಲಿ ಕ್ರಮ ಕೈಗೊಂಡರು. ಇಬ್ಬರೂ ಸೇರಿ 4 ಲಕ್ಷ ಡಾಲರ್ ದಂಡ ತೆತ್ತರು. ಈ ಸಂಗತಿಯನ್ನು ಮಂಡಳಿಯ ಗಮನಕ್ಕೆ ತನ್ನಿ.

ನಂತರ ಹುಡುಕಲು ಹೊರಡಿ, ಆದರೆ ತಂತ್ರಜ್ಞಾನದಿಂದ ಆರಂಭಿಸಬೇಡಿ. ಗ್ರಾಹಕರಿಂದ ಬಂದ ಇತ್ತೀಚಿನ ಇನ್ನೂರು ದೂರುಗಳನ್ನು ತರಿಸಿಕೊಂಡು, ನೀವೇ ಕುಳಿತು ಓದಿ. ಎರಡು ದಿನದ ಕೆಲಸ. ದೊಡ್ಡ ದಾಖಲೆಯಲ್ಲಿ ಬೇಕಾದದ್ದು ಸಿಗುತ್ತಿಲ್ಲ, ಒಂದೇ ಪ್ರಶ್ನೆಗೆ ಮತ್ತೆ ಮತ್ತೆ ಉತ್ತರ ಬರೆಯಬೇಕಾಗಿದೆ ಎಂಬಂತಹ ದೂರುಗಳು ಗುಂಪಾಗಿ ಕಂಡರೆ, ಅಲ್ಲಿ ಈ ಉಪಕರಣ ನೆರವಾಗಬಹುದು. ಬಿಲ್ಲಿನ ಮೊತ್ತ ತಪ್ಪಾಗಿದೆ, ಪುಟ ತೆರೆಯಲು ತಡವಾಗುತ್ತಿದೆ ಎಂಬ ದೂರುಗಳೇ ಹೆಚ್ಚಾಗಿದ್ದರೆ ಅವುಗಳಿಗೆ ಬೇಕಾದದ್ದು ಸಾಮಾನ್ಯ ದುರಸ್ತಿ. ಸರಿಹೊಂದುವ ಒಂದು ಕೆಲಸ ಸಿಕ್ಕಿದರೆ, ಸರಿಯುತ್ತರ ಮೊದಲೇ ಗೊತ್ತಿರುವ ನೂರು ನಿಜವಾದ ಪ್ರಶ್ನೆಗಳನ್ನು ತೆಗೆದಿಟ್ಟು ಅವುಗಳ ಮೇಲೆ ಪರೀಕ್ಷಿಸಿ. ಈ ಭಾಷಾ ಮಾದರಿಗಳು ತಪ್ಪನ್ನು ಸಹ ಸರಿಯಾದ ಉತ್ತರದಷ್ಟೇ ನಿಶ್ಚಿಂತೆಯಿಂದ ಹೇಳುತ್ತವೆ, ಆದ್ದರಿಂದ ಎಷ್ಟು ಸರಿಯಾಯಿತು ಎಂಬುದರ ಜೊತೆಗೆ, ತಪ್ಪಾದ ಪ್ರತಿಯೊಂದು ಉತ್ತರವನ್ನು ನಂಬಿದ ಗ್ರಾಹಕನಿಗೆ ಏನಾಗುತ್ತಿತ್ತು ಎಂಬುದನ್ನೂ ಅದರ ಪಕ್ಕದಲ್ಲಿ ಬರೆಯಿರಿ.

ಕೆಲಸ ಆರಂಭಿಸುವ ಮುನ್ನ ಒಂದು ಪುಟದ ಟಿಪ್ಪಣಿಯನ್ನು ಸಿದ್ಧಪಡಿಸಿ ಮಂಡಳಿಯ ಒಪ್ಪಿಗೆ ಪಡೆಯಿರಿ. ಯಾವ ದೂರನ್ನು ಕಡಿಮೆ ಮಾಡಲು ಇದನ್ನು ತರುತ್ತಿದ್ದೇವೆ, ತಿಂಗಳಿಗೆ ಎಷ್ಟು ಖರ್ಚಾಗುತ್ತದೆ, ಇದನ್ನು ನೋಡಿಕೊಳ್ಳುವವರು ಯಾರು, ಯಾವ ಫಲಿತಾಂಶ ಬಂದರೆ ನಿಲ್ಲಿಸುತ್ತೇವೆ ಎಂಬ ನಾಲ್ಕು ವಿಷಯಗಳು ಅದರಲ್ಲಿರಲಿ; ಕೆಳಗೆ ದಿನಾಂಕ ಮತ್ತು ಒಪ್ಪಿದವರ ಹೆಸರುಗಳಿರಲಿ. ನಿಲ್ಲಿಸುವ ಷರತ್ತನ್ನು ಬರೆಯುವಾಗ ಮಂಡಳಿಯಲ್ಲಿ ಚರ್ಚೆ ಬಿಸಿಯಾಗುತ್ತದೆ. ಆಗಲಿ ಬಿಡಿ. ಯಾವ ಕೆಲಸಕ್ಕೆ ಎಂದು ನೀವು ಕೇಳಿದ ಪ್ರಶ್ನೆಗೆ ಅವರು ಮೊದಲ ಬಾರಿಗೆ ಉತ್ತರ ಹುಡುಕತೊಡಗುವುದು ಆ ಚರ್ಚೆಯಲ್ಲಿಯೇ.